ಮನೆಯ ಬಳಕೆಗೆ ಮಾವು: ಸೀಕರಣೆಯನ್ನು ಮಾಡುವ ಕ್ರಮ

ಶ್ರೀನಿವಾಸಪುರ, ರಾಮನಗರ ಮೊದಲಾದ ಪ್ರಾಂತಗಳಲ್ಲಿ ಮಾವಿನ ತೋಟಗಳ ಯಜಮಾನರನೇಕರು ಹೂವು ಬಿಟ್ಟ ಕಾಲದಲ್ಲಿಯೇ ಫಸಲನ್ನು ಗುತ್ತಿಗೆಗೆ ಕೊಟ್ಟುಬಿಡುವುದು ವಾಡಿಕೆಯಾಗಿದೆ. ಇದರಿಂದ ಮುಂಗಡವಾಗಿ ಹಣವು ಕೈಸೇರುವುದೇನೋ ನಿಜವೇ. ಆದರೆ ಮರದ ಮೇಲಿನ ಕಾಯೆಲ್ಲವೂ ಗುತ್ತಿಗೆದಾರನ ಸ್ವತ್ತಾಗುವುದರಿಂದ, ಬೇಸಗೆಯಲ್ಲಿ ನೆಂಟರಿಷ್ಟರು ಬಂದಾಗ ತೋಟದ ಯಜಮಾನನೇ ಪೇಟೆಗೆ ಹೋಗಿ ಹಣ್ಣನ್ನು ಕೊಂಡು ತರಬೇಕಾದ ವಿಪರೀತವು ಒದಗುತ್ತದೆ.

ಹಾಗೆ ತಂದ ಹಣ್ಣು ಕ್ಯಾಲ್ಸಿಯಂ ಕಾರ್ಬೈಡಿನಿಂದ ಮಾಗಿಸಿದ್ದಾಗಿದ್ದರೆ ಮತ್ತಷ್ಟು ಕೇಡು. ಈ ಪದಾರ್ಥವು ತೇವ ತಗುಲಿದೊಡನೆ ಅಸಿಟಿಲೀನ್ ಎಂಬ ಅನಿಲವನ್ನು ಬಿಡುತ್ತದೆ. ಅದರಲ್ಲಿ ಆರ್ಸೆನಿಕ್ ಎಂಬ ಪಾಷಾಣದ ಮತ್ತು ರಂಜಕದ ಅಂಶಗಳು ಬೆರೆತಿರುವುದುಂಟು. ಆದಕಾರಣವೇ 2011ನೆಯ ಇಸವಿಯ ಆಹಾರ ಸುರಕ್ಷತಾ ನಿಬಂಧನೆಗಳಲ್ಲಿ ಇದರಿಂದ ಹಣ್ಣು ಮಾಗಿಸುವುದನ್ನು ನಿಷೇಧಿಸಲಾಗಿದೆ. ಎಳೆಯ ಕಾಯಿಗೆ ಇದನ್ನು ಇಟ್ಟರೆ ಸಿಪ್ಪೆಯು ಹಳದಿಗೆ ತಿರುಗಿದರೂ ತಿರುಳಿನಲ್ಲಿ ಹುಳಿಯು ಹಾಗೆಯೇ ನಿಲ್ಲುವುದು. ಇಂತಹ ಹಣ್ಣು ಸೀಕರಣೆಗೆ ಸರ್ವಥಾ ತಕ್ಕದ್ದಲ್ಲ.

ಆದುದರಿಂದ ಗುತ್ತಿಗೆಯ ಕರಾರನ್ನು ಬರೆಯುವಾಗಲೇ ಒಂದೆರಡು ಮರಗಳನ್ನು ಮನೆಯ ಬಳಕೆಗೆಂದು ಬಿಡಿಸಿಕೊಳ್ಳುವುದು ವಿವೇಕ. ಬಾಯಿಮಾತಿನ ಒಪ್ಪಂದವು ಕೊಯ್ಲಿನ ದಿನ ನಿಲ್ಲುವುದು ಅಪರೂಪ. ಸೀಕರಣೆಗೆ ರಸಪುರಿಗೆ ಸಮನಾದ ಜಾತಿಯಿಲ್ಲ. ಇದರಲ್ಲಿ ರಸವು ಹೇರಳ. ಬಾದಾಮಿಯೂ ಆಗಬಹುದು, ಆದರೆ ಅದಕ್ಕೆ ಪೇಟೆಯಲ್ಲಿ ಬೆಲೆ ಹೆಚ್ಚು. ತೋತಾಪುರಿಯು ಗಟ್ಟಿ ತಿರುಳಿನದಾದುದರಿಂದ ಈ ಕೆಲಸಕ್ಕೆ ಬಾರದು.

ಬಲಿತ ಕಾಯನ್ನೇ ಕೀಳಬೇಕು. ತೊಟ್ಟಿನ ಪಕ್ಕದ ಭುಜಗಳು ಉಬ್ಬಿರಬೇಕು. ನೀರಿಗೆ ಹಾಕಿದರೆ ಕಾಯಿ ಮುಳುಗಬೇಕು. ತೇಲುವ ಕಾಯಿ ಉಪ್ಪಿನಕಾಯಿಗೆ ಹೋಗಲಿ. ಕೋಲಿನಿಂದ ಬಡಿದು ಉದುರಿಸದೆ, ತುಂಡು ತೊಟ್ಟನ್ನು ಉಳಿಸಿ ಕೊಯ್ದು, ಬಳಿಕ ತೊಟ್ಟನ್ನು ಮುರಿದು, ಕಾಯನ್ನು ಬೋರಲಾಗಿ ಇಟ್ಟು ಸೊನೆಯನ್ನು ಇಳಿಸತಕ್ಕದ್ದು. ಸೊನೆಯು ಸಿಪ್ಪೆಗೆ ತಗುಲಿದಲ್ಲಿ ಕಪ್ಪು ಕಲೆ ಬೀಳುತ್ತದೆ. ಕಪ್ಪು ಚುಕ್ಕೆ ರೋಗದ ಭಯವಿದ್ದಲ್ಲಿ ಕಾಯಿಗಳನ್ನು 52 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ನೀರಿನಲ್ಲಿ ಸುಮಾರು 10 ನಿಮಿಷ ಇಟ್ಟು ತೆಗೆದು ಆರಿಸಬಹುದು. ಉಷ್ಣಮಾಪಕವಿಲ್ಲದೆ ಅಂದಾಜಿನ ಮೇಲೆ ಮಾಡಿದರೆ ಕಾಯಿ ಬೇಯುವುದು. ಅನಂತರ ಗಾಳಿಯಾಡುವ ಕೋಣೆಯಲ್ಲಿ ಒಣಗಿದ ಹುಲ್ಲನ್ನು ಹಾಸಿ, ಒಂದೆರಡು ಪದರಕ್ಕಿಂತ ಹೆಚ್ಚಿಲ್ಲದಂತೆ ಜೋಡಿಸಿ, ಮೇಲೆ ಹುಲ್ಲು ಮುಚ್ಚಬೇಕು. ವಾರದೊಳಗಾಗಿ ಹಣ್ಣಾಗುವುದುಂಟು. ಬಣ್ಣವೊಂದನ್ನೇ ನಂಬದೆ ತೊಟ್ಟಿನ ಬಳಿಯ ಪರಿಮಳವನ್ನೂ ಮೈಯ ಮೆದುವನ್ನೂ ನೋಡತಕ್ಕದ್ದು.

ಸೀಕರಣೆಗೆ ಮಧ್ಯಮ ಗಾತ್ರದ ರಸಪುರಿ ಹಣ್ಣು 12, ಬೆಲ್ಲ ಸುಮಾರು 150 ಗ್ರಾಂ, ತೆಂಗಿನಕಾಯಿ 1, ಏಲಕ್ಕಿ 5 ಅಥವಾ 6, ಉಪ್ಪು ಒಂದು ಚಿಟಿಕೆ. ಹಣ್ಣು ಸಿಹಿಯಾಗಿದ್ದಷ್ಟೂ ಬೆಲ್ಲವನ್ನು ಕಡಿಮೆ ಮಾಡಬೇಕು. ಹಣ್ಣುಗಳನ್ನು ತೊಳೆದು ಒಂದು ಗಳಿಗೆ ತಣ್ಣೀರಿನಲ್ಲಿ ನೆನೆಸಿ, ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ ಮೆತ್ತಗೆ ಮಾಡಿಕೊಳ್ಳುವುದು. ತೊಟ್ಟಿನ ಕಡೆಯ ಮೊದಲ ಹನಿಗಳನ್ನು ಹಿಂಡಿ ಚೆಲ್ಲಿ, ಉಳಿದ ರಸವನ್ನು ಪಾತ್ರೆಗೆ ಹಿಂಡಬೇಕು. ಓಟೆಗೆ ಅಂಟಿದ್ದನ್ನು ಬೆರಳಿನಿಂದ ಸವರಿ ತೆಗೆಯುವುದು. ನಾಟಿ ಹಣ್ಣಾದರೆ ನಾರು ಬಹಳವಿರುವುದರಿಂದ ತೆಳ್ಳನೆಯ ಬಟ್ಟೆಯಲ್ಲಿ ಸೋಸಬೇಕು.

ಬೆಲ್ಲದಲ್ಲಿ ಮಣ್ಣು ಕಸ ಇರುವುದುಂಟಾದುದರಿಂದ ಸ್ವಲ್ಪ ನೀರಿನಲ್ಲಿ ಕರಗಿಸಿ, ಸೋಸಿ, ಪೂರ್ಣವಾಗಿ ಆರಿದ ಮೇಲೆಯೇ ರಸಕ್ಕೆ ಬೆರೆಸತಕ್ಕದ್ದು. ತೆಂಗಿನ ತುರಿಯನ್ನು ಅರೆದು ಹಿಂಡಿದ ಮೊದಲ ಹಾಲನ್ನೂ ಏಲಕ್ಕಿ ಪುಡಿಯನ್ನೂ ಉಪ್ಪನ್ನೂ ಕಡೆಯಲ್ಲಿ ಸೇರಿಸಬೇಕು. ಇದನ್ನು ಒಲೆಯ ಮೇಲೆ ಇಡಲಾಗದು. ಕೆಲವರು ತೆಂಗಿನ ಹಾಲಿಗೆ ಬದಲು ಹಸುವಿನ ಹಾಲನ್ನು ಕಾಯಿಸಿ ಆರಿಸಿ ಹಾಕುತ್ತಾರೆ. ಹಣ್ಣಿನಲ್ಲಿ ಹುಳಿಯಿದ್ದರೆ ಅದು ಒಡೆದು ಪಾತ್ರೆಯೆಲ್ಲ ಕೆಡುವುದು. ಕಲಾಯಿ ಇಲ್ಲದ ತಾಮ್ರ ಹಿತ್ತಾಳೆಗಳಲ್ಲಿ ಸೀಕರಣೆಯನ್ನು ಇಡಲೇಬಾರದು. ಹುಳಿಯು ಲೋಹವನ್ನು ತಿಂದು ಕಿಲುಬೇರಿಸುತ್ತದೆ. ಕಲ್ಲಿನ ಮರಿಗೆ, ಪಿಂಗಾಣಿ ಇಲ್ಲವೆ ಸ್ಟೀಲಿನ ಪಾತ್ರೆ ಉತ್ತಮ.

ತೆಂಗಿನ ಹಾಲು ಬೆರೆತ ಸೀಕರಣೆಯು ಬೇಸಗೆಯ ಸೆಕೆಯಲ್ಲಿ ಹೆಚ್ಚು ಹೊತ್ತು ನಿಲ್ಲದು. ಊಟಕ್ಕೆ ಸ್ವಲ್ಪ ಮುಂಚೆ ಮಾಡಿ ಆಗಲೇ ಮುಗಿಸಬೇಕು. ಹೋಳಿಗೆ, ಚಪಾತಿ, ಒತ್ತು ಶ್ಯಾವಿಗೆ ಯಾವುದರೊಡನೆಯೂ ಸೊಗಸು. ಹೆಚ್ಚು ಹಣ್ಣು ಒಮ್ಮೆಗೇ ಮಾಗಿದರೆ ಬರಿಯ ರಸವನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ, ಬಿಸಿಲಿನಲ್ಲಿ ಪದರದ ಮೇಲೆ ಪದರವಾಗಿ ಒಣಗಿಸಿ ಮಾಂಬಳ ಮಾಡಿಡಬಹುದು.

ವ್ಯಾಪಾರಿಯು ಬಿಟ್ಟುಹೋದ ಸಣ್ಣ ಹಣ್ಣುಗಳೂ ಸೀಕರಣೆಗೆ ಚೆನ್ನಾಗಿಯೇ ಒದಗುತ್ತವೆ. ಆದರೆ ಹಣ್ಣುನೊಣದ ಹುಳುಗಳಿರುವ ಉದುರು ಹಣ್ಣನ್ನು ಅಡಿಗೆಮನೆಗೆ ತರಲಾಗದು, ಮರದ ಬುಡದಲ್ಲಿಯೂ ಬಿಡಲಾಗದು. ಹುಳುವು ಮಣ್ಣಿಗಿಳಿದು ಕೋಶ ಕಟ್ಟಿ, ಮತ್ತೆ ನೊಣವಾಗಿ ಹೊರಬರುತ್ತದೆ. ಅಂತಹ ಹಣ್ಣುಗಳನ್ನು ದಿನವೂ ಆಯ್ದು ಆಳವಾದ ಗುಂಡಿಯಲ್ಲಿ ಹೂಳಿಸತಕ್ಕದ್ದು. ಒಬ್ಬರ ತೋಟದಲ್ಲಿ ಹೂಳಿ ಪಕ್ಕದವರು ಬಿಟ್ಟರೆ ಪ್ರಯೋಜನವಿಲ್ಲ. ಗ್ರಾಮದ ಮುಖಂಡರು ಕೊಯ್ಲಿಗೆ ಮುಂಚೆಯೇ ಎಲ್ಲ ತೋಟದವರನ್ನೂ ಒಂದುಗೂಡಿಸಿ ಇದನ್ನು ಗೊತ್ತುಮಾಡಿಕೊಳ್ಳಬೇಕು.