ಆಟದ ನಿಯಮಕ್ಕೊಂದು ಕರ್ತೃಪದ

ಚೆನ್ನೆಮಣೆಯಲ್ಲಿ ಎರಡು ಸಾಲು. ಸಾಲಿಗೆ 7 ಗುಳಿ, ಗುಳಿಗೆ 4 ಕಾಯಿಯಂತೆ ಒಟ್ಟು 56 ಕಾಯಿ. ಕಾಯಿ ಹಂಚುವಾಗ ಬರಿದಾಗಿದ್ದ ಗುಳಿಯಲ್ಲಿ ಮತ್ತೆ 4 ಕೂಡಿದರೆ “ತೆಗೆದುಕೊಳ್ಳಬೇಕು” ಎಂಬುದು ಹಲವು ಮನೆಗಳ ನಿಯಮ. ಯಾರು? ಹಂಚಿದವರೋ, ಗುಳಿಯ ಒಡೆಯರೋ? ಇಲ್ಲಿ ಕ್ರಿಯಾಪದವಿದೆ, ಕರ್ತೃಪದವಿಲ್ಲ. ಇದೇ ಕಾರಣಕ್ಕೆ ನನ್ನ ತರಗತಿಯ ಇಬ್ಬರು ಗೆಳತಿಯರು ಮಾತು ಬಿಟ್ಟಿದ್ದರು. ಇಬ್ಬರೂ ತಮ್ಮ ತಮ್ಮ ಅಜ್ಜಿ ಕಲಿಸಿದಂತೆಯೇ ಆಡಿದ್ದರು. ಮೋಸ ಯಾರದೂ ಅಲ್ಲ.

ಮಕ್ಕಳೇ, ಆಟಕ್ಕೆ ಕೂರುವ ಮೊದಲೇ ನಿಯಮವನ್ನು ಕರ್ತೃಪದ ಸಹಿತ ಪೂರ್ಣ ವಾಕ್ಯದಲ್ಲಿ ಹೇಳಿಕೊಳ್ಳಿರಿ. ನಡುವೆ ಸಂಶಯ ಬಂದರೆ ಆಡದೆ ನೋಡುತ್ತಿರುವವರನ್ನು ಕೇಳಿರಿ. ಅವರ ತೀರ್ಮಾನ ಆಟ ಮುಗಿಯುವ ತನಕ ಇಬ್ಬರಿಗೂ ಒಂದೇ ಆಗಿರಲಿ. ಗೆಲ್ಲುವವರ ಅನುಕೂಲಕ್ಕೆ ಅರ್ಥ ಬದಲಾಗಬಾರದು. ಹೆತ್ತವರೇ, ನಿಮ್ಮ ಮನೆಯ ನಿಯಮವನ್ನು ಮಕ್ಕಳಿಂದ ಬರೆಯಿಸಿರಿ. ಆಟವೂ ಉಳಿದೀತು, ಗೆಳೆತನವೂ ಉಳಿದೀತು.