ಡಿಸ್ಚಾರ್ಜ್ ಬುಕ್‌ನ ಆ ಒಂದು ಸಾಲು: ಬದಲಿಸುವ ದಾರಿ ಇದೆ

ಸೈನ್ಯದಿಂದ ಬಂದವರ ಡಿಸ್ಚಾರ್ಜ್ ಬುಕ್‌ನಲ್ಲಿ ಬಿಡುಗಡೆಗೆ ಕಾರಣ ಏನು ಎಂದು ಬರೆದ ಸಾಲೊಂದು ಇರುತ್ತದೆ. ಅವಧಿ ಮುಗಿಸಿ ಬಂದವರು ಅದನ್ನು ಎರಡನೇ ಸಲ ಓದುವುದಿಲ್ಲ. ‘ಸರ್ವೀಸಸ್ ನೋ ಲಾಂಗರ್ ರಿಕ್ವಯರ್ಡ್’ ಎಂದೋ ‘ಡಿಸ್‌ಮಿಸ್ಡ್’ ಎಂದೋ ಬರೆಸಿಕೊಂಡು ಬಂದವರಿಗೆ ಮಾತ್ರ ಅದು ಎಲ್ಲ ಕಡೆ ಅಡ್ಡ ಬರುತ್ತದೆ. ದುರ್ನಡತೆ ಅಥವಾ ಅಸಮರ್ಥತೆಯ ಕಾರಣಕ್ಕೆ ಹೊರಬಿದ್ದವರನ್ನು ಸರ್ಕಾರದ ವ್ಯಾಖ್ಯೆ ‘ಮಾಜಿ ಸೈನಿಕ’ ಎಂದೇ ಒಪ್ಪುವುದಿಲ್ಲ. ಹಾಗಾಗಿ ಕೇಂದ್ರದ ಗ್ರೂಪ್ ‘ಸಿ’ ಹುದ್ದೆಗಳಲ್ಲಿರುವ ಶೇ 10 ಮೀಸಲಾತಿಯೂ ಕೈತಪ್ಪುತ್ತದೆ. ಡಿಸ್‌ಮಿಸ್ ಆದವರಿಗಂತೂ ಹಿಂದಿನ ಅಷ್ಟೂ ಸೇವೆಯ ಪಿಂಚಣಿ, ಗ್ರಾಚ್ಯುಟಿ ಎರಡೂ ಇಲ್ಲ.

ಅಮೆರಿಕದಲ್ಲಿ ಇದಕ್ಕೆಂದೇ ಒಂದು ಮಂಡಳಿ ಇದೆ. ಹದಿನೈದು ವರ್ಷದೊಳಗೆ ನಿಗದಿತ ಫಾರ್ಮ್ ತುಂಬಿ ಕಳಿಸಿದರೆ ಅದು ಕಡತವನ್ನು ಮತ್ತೆ ತೆರೆದು ನೋಡುತ್ತದೆ. ನಮ್ಮಲ್ಲಿ ಅಂಥ ಕಿಟಕಿ ಇಲ್ಲ. ಮೊದಲು ಸೇನೆಗೇ ಮನವಿ ಕೊಡಬೇಕು, ಅಲ್ಲಿ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬೇಕು. ವಿಶಾಖಪಟ್ಟಣದ ಪೂರ್ವ ನೌಕಾ ಕಮಾಂಡ್‌ನಲ್ಲಿ ದುಡಿದು ಅಲ್ಲೇ ಮನೆ ಮಾಡಿಕೊಂಡವರಿಗೂ, ಸೇನೆ ಬಿಟ್ಟ ಮೇಲೆ ಕೆಲಸ ಹುಡುಕಿ ವಿಜಯವಾಡ ಸೇರಿದವರಿಗೂ ದಾರಿ ಒಂದೇ. ಊರಿಗೆ ಮರಳಿದ ಕನ್ನಡಿಗರಿಗೆ ಮಾತ್ರ ಒಂದು ತಿರುವು ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಕಾಗದ, ಆಮೇಲೆ ವಕೀಲರು

ಹೆಚ್ಚಿನವರು ಉಲ್ಟಾ ಮಾಡುತ್ತಾರೆ. ವಕೀಲರಿಗೆ ಮುಂಗಡ ಕೊಟ್ಟ ಮೇಲೆ ಕಾಗದ ಹುಡುಕಲು ಹೊರಡುತ್ತಾರೆ. ಆದರೆ ನಿಮ್ಮನ್ನು ಯಾವ ನಿಯಮದಡಿ, ಯಾರ ಆದೇಶದ ಮೇಲೆ ಬಿಡುಗಡೆ ಮಾಡಿದರು ಎಂಬುದು ಗೊತ್ತಾಗದೆ ಕೇಸಿನ ತಲೆಬುಡ ತಿಳಿಯುವುದಿಲ್ಲ. ಸೇನಾ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಸೇವೆ ಮುಗಿದ ಪ್ರತಿ ಜವಾನನಿಗೂ ಕಮಾಂಡಿಂಗ್ ಆಫೀಸರ್ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಆದೇಶಿಸಿದ ಅಧಿಕಾರಿ, ಕಾರಣ, ಸೇವೆಯ ಒಟ್ಟು ಅವಧಿ ಈ ಮೂರೂ ಇರಬೇಕು. ಅದು ಇಂಗ್ಲಿಷಿನ ಜತೆಗೆ ಜವಾನನ ಮಾತೃಭಾಷೆಯಲ್ಲೂ ಇರಬೇಕು ಎನ್ನುತ್ತದೆ ಕಾಯ್ದೆ. ಕನ್ನಡದಲ್ಲಿ ಕೇಳಿ ಪಡೆದವರು ಎಷ್ಟು ಮಂದಿಯೋ!

ಆ ಒಂದು ಸಾಲನ್ನೇ ನಂಬಿ ಕೂರಬಾರದು. ವಿಶಾಖಪಟ್ಟಣದ ನೌಕಾನೆಲೆಯಲ್ಲಿದ್ದ ನಾವಿಕರೊಬ್ಬರು ಲಿಂಗ ಬದಲಾವಣೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದಕ್ಕೆ 2017ರ ಅಕ್ಟೋಬರ್‌ನಲ್ಲಿ ನೌಕಾಪಡೆ ಅವರನ್ನು ಬಿಡುಗಡೆ ಮಾಡಿತು. ಅಲ್ಲೂ ಬಳಸಿದ್ದು ‘ಸರ್ವೀಸಸ್ ನೋ ಲಾಂಗರ್ ರಿಕ್ವಯರ್ಡ್’ ಎಂಬ ಅದೇ ಮಾತು. ಕುಡಿದು ಗಲಾಟೆ ಮಾಡಿದವರಿಗೂ ರಜೆ ಮುಗಿದು ತಡವಾಗಿ ಬಂದವರಿಗೂ ಅದೇ ಮೊಹರು ಬೀಳಬಹುದು. ನಿಜವಾದ ಕಾರಣ ಕಡತದೊಳಗಿರುತ್ತದೆ.

ಕಡತ ತರಿಸಲು ಮಾಹಿತಿ ಹಕ್ಕಿನ ಅರ್ಜಿ ಸಾಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ನೌಕಾಪಡೆಯವರಾದರೆ ಮುಂಬೈನ ಮಾನ್‌ಖುರ್ದ್‌ನಲ್ಲಿರುವ ಬ್ಯೂರೋ ಆಫ್ ಸೇಲರ್ಸ್, ವಾಯುಪಡೆಯವರಾದರೆ ದೆಹಲಿ ಸುಬ್ರೊತೊ ಪಾರ್ಕ್‌ನ ರೆಕಾರ್ಡ್ ಆಫೀಸ್. ಭೂಸೇನೆಯವರು ತಮ್ಮ ತಮ್ಮ ರೆಜಿಮೆಂಟಿನ ರೆಕಾರ್ಡ್ಸ್‌ಗೆ ಬರೆಯಬೇಕು. ಮದ್ರಾಸ್ ಸ್ಯಾಪರ್ಸ್‌ನವರಿಗೆ ಅದು ಬೆಂಗಳೂರು, ಮದ್ರಾಸ್ ರೆಜಿಮೆಂಟಿನವರಿಗೆ ವೆಲ್ಲಿಂಗ್ಟನ್, ಇಎಂಇಯವರಿಗೆ ಸಿಕಂದರಾಬಾದ್. ಬಿಡುಗಡೆ ಆದೇಶ, ಷೋಕಾಸ್ ನೋಟಿಸ್ ಮತ್ತು ನೀವು ಕೊಟ್ಟ ಉತ್ತರ, ಕಂಡಕ್ಟ್ ಷೀಟ್, ಷೀಟ್ ರೋಲ್, ವಿಚಾರಣೆಯ ನಡಾವಳಿ, ಮೆಡಿಕಲ್ ಬೋರ್ಡ್‌ನ ಪ್ರತಿ ಇವನ್ನೆಲ್ಲ ಹೆಸರು ಹೇಳಿ ಕೇಳಿ. ‘ನನ್ನ ದಾಖಲೆ ಕೊಡಿ’ ಎಂದಷ್ಟೇ ಬರೆದರೆ ಎರಡು ಹಾಳೆ ಬರುತ್ತದೆ. ಪಿಂಚಣಿ ಇಲ್ಲದವರ ಸೇವಾ ದಾಖಲೆಗಳನ್ನು ಭೂಸೇನೆ 25 ವರ್ಷದ ನಂತರ ನಾಶಪಡಿಸುತ್ತದೆ. ಆ ಗಡಿಗೆ ಹತ್ತಿರ ಇರುವವರು ಈ ಅರ್ಜಿಯನ್ನು ಮುಂದೂಡಬಾರದು.

ನಿಮ್ಮದು ಯಾವ ಬಗೆ?

ಕೆಂಪು ಶಾಯಿಯದು ಮೊದಲ ಬಗೆ. ಕಂಡಕ್ಟ್ ಷೀಟ್‌ನಲ್ಲಿ ಶಿಕ್ಷೆಯ ನಾಲ್ಕು ‘ರೆಡ್ ಇಂಕ್ ಎಂಟ್ರಿ’ ಬಿದ್ದರೆ ಮನೆಗೇ ಎಂಬ ನಂಬಿಕೆ ಬ್ಯಾರಕ್ಕುಗಳಲ್ಲಿ ಗಟ್ಟಿಯಾಗಿದೆ. ಅದು ತಪ್ಪು. ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಅಕ್ಟೋಬರ್‌ನಲ್ಲಿ ಇದನ್ನು ಬಿಡಿಸಿ ಹೇಳಿದೆ. ಸೇನಾ ಪ್ರಧಾನ ಕಚೇರಿಯೇ 1988ರ ಡಿಸೆಂಬರ್‌ನಲ್ಲಿ ಹೊರಡಿಸಿದ ಪತ್ರದ ಪ್ರಕಾರ ನಾಲ್ಕು ಎಂಟ್ರಿ ಆದ ಮಾತ್ರಕ್ಕೆ ಬಿಡುಗಡೆ ಕಡ್ಡಾಯವಲ್ಲ. ಮೊದಲು ನಿಷ್ಪಕ್ಷಪಾತ ವಿಚಾರಣೆ ನಡೆಯಬೇಕು. ಒಂದೊಂದು ತಪ್ಪು ಎಷ್ಟು ದೊಡ್ಡದು, ಜವಾನ ಎಷ್ಟು ವರ್ಷ ದುಡಿದಿದ್ದಾನೆ, ಎಂಥ ಕಠಿಣ ಜಾಗಗಳಲ್ಲಿದ್ದ, ಪಿಂಚಣಿಗೆ ಎಷ್ಟು ಹತ್ತಿರ ಬಂದಿದ್ದಾನೆ ಎಂಬುದನ್ನೆಲ್ಲ ಕಮಾಂಡಿಂಗ್ ಆಫೀಸರ್ ತೂಗಿ ನೋಡಬೇಕು. ದುಬೆ ವಿಷಯದಲ್ಲಿ ಅದು ನಡೆದಿರಲಿಲ್ಲ. ಕೋರ್ಟ್ ಬಿಡುಗಡೆ ಆದೇಶವನ್ನು ರದ್ದು ಮಾಡಿ, ಪಿಂಚಣಿಗೆ ಬೇಕಾದ ಅವಧಿ ಮುಗಿಯುವವರೆಗೂ ಅವರು ಸೇವೆಯಲ್ಲಿದ್ದರು ಎಂದು ಪರಿಗಣಿಸಲು ಹೇಳಿತು. ಹಿಂಬಾಕಿ ಸಂಬಳ ಕೊಡಲಿಲ್ಲ. ನನ್ನ ಮಟ್ಟಿಗೆ ಅರ್ಜಿಯಲ್ಲಿ ಕೇಳಬೇಕಾದ ಪರಿಹಾರಕ್ಕೆ ಇದೇ ಮಾದರಿ. ಮತ್ತೆ ಸಮವಸ್ತ್ರ, ಹತ್ತು ವರ್ಷದ ಸಂಬಳ, ಬಡ್ತಿ ಎಲ್ಲವನ್ನೂ ಒಟ್ಟಿಗೆ ಕೇಳಿದರೆ ಸಿಗಬಹುದಾದದ್ದೂ ತಡವಾಗುತ್ತದೆ.

ಎರಡನೆಯದು ಕಾಯಿಲೆ. ದೇಹಸ್ಥಿತಿ ಕೆಟ್ಟು ಲೋ ಮೆಡಿಕಲ್ ಕೆಟಗರಿಗೆ ಇಳಿದವರನ್ನು ಬರೀ ‘ಡಿಸ್ಚಾರ್ಜ್’ ಎಂದು ತೋರಿಸಿ ಕಳಿಸುವುದುಂಟು. ಹಾಗೆ ಕಳಿಸಬೇಕಾದರೆ ಇನ್ವ್ಯಾಲಿಡಿಂಗ್ ಮೆಡಿಕಲ್ ಬೋರ್ಡ್ ಮುಂದೆ ಹೋಗಲೇಬೇಕು ಎಂದು ರಾಜ್‌ಪಾಲ್ ಸಿಂಗ್ ಪ್ರಕರಣದಲ್ಲಿ (2008) ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಭರ್ತಿಯಾಗುವಾಗ ಇಲ್ಲದಿದ್ದ ಕಾಯಿಲೆ ಸೇವೆಯಿಂದಲೇ ಬಂದಿರಬೇಕು ಎಂಬ ಊಹೆ ಜವಾನನ ಪರ ಎಂದು ಧರಮ್‌ವೀರ್ ಸಿಂಗ್ ತೀರ್ಪು (2013) ಹೇಳಿದರೆ, ಬೋರ್ಡ್ ಔಟ್ ಆದವರ ಅಂಗವೈಕಲ್ಯ ಶೇ 20ಕ್ಕಿಂತ ಹೆಚ್ಚು ಎಂದೇ ತಿಳಿಯಬೇಕು ಎಂದು ಸುಖ್‌ವಿಂದರ್ ಸಿಂಗ್ ತೀರ್ಪು (2014) ಹೇಳಿತು. ಆದರೆ 2023ರ ಸೆಪ್ಟೆಂಬರ್‌ನಿಂದ ಹೊಸ ನಿಯಮಗಳು ಬಂದಿವೆ. ಅದರ ನಂತರ ಹೊರಬಂದವರು ಈ ಹಳೆಯ ತೀರ್ಪುಗಳನ್ನು ಕಣ್ಣು ಮುಚ್ಚಿ ನೆಚ್ಚಿಕೊಳ್ಳಬಾರದು.

ಮೂರನೆಯದು ಕೋರ್ಟ್ ಮಾರ್ಷಲ್‌ನಲ್ಲಿ ಡಿಸ್‌ಮಿಸ್ ಆದವರದ್ದು. ಇದು ಕಷ್ಟದ ದಾರಿ, ಆದರೆ ಪೂರ್ತಿ ಮುಚ್ಚಿಲ್ಲ. ಶಿಕ್ಷೆಯ ವಿರುದ್ಧ ಮೇಲ್ಮನವಿ ಬಂದಾಗ ಅದನ್ನು ಕಡಿಮೆ ಮಾಡುವ ಅಧಿಕಾರ ನ್ಯಾಯಮಂಡಳಿಗಿದೆ. ಡಿಸ್‌ಮಿಸ್ ಅನ್ನು ಡಿಸ್ಚಾರ್ಜ್‌ಗೆ ಇಳಿಸಿದರೆ, 15 ವರ್ಷ ತುಂಬಿದ ಜವಾನನಿಗೆ ಪಿಂಚಣಿಯ ಬಾಗಿಲು ತೆರೆಯುತ್ತದೆ.

ಇನ್ನು 15 ವರ್ಷಕ್ಕೆ ಕೆಲವೇ ತಿಂಗಳು ಕಡಿಮೆ ಬಿದ್ದವರದ್ದು ಬೇರೆಯೇ ಮಾತು. ಒಂದು ವರ್ಷದೊಳಗಿನ ಕೊರತೆಯನ್ನು ಮನ್ನಿಸುವ ಅವಕಾಶ ನಿಯಮದಲ್ಲೇ ಇದೆ. ಡಿಸ್‌ಮಿಸ್ ಆದವರಿಗೆ ಅದು ಅನ್ವಯಿಸದು.

ಮನವಿ, ಗಡುವು, ಪೀಠ

ನ್ಯಾಯಮಂಡಳಿಗೆ ನೇರವಾಗಿ ಓಡುವಂತಿಲ್ಲ. 2007ರ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಇಲಾಖೆಯೊಳಗಿನ ದಾರಿಗಳನ್ನು ಮೊದಲು ಮುಗಿಸಬೇಕು. ಶಾಸನಬದ್ಧ ದೂರು ಅಥವಾ ಮೇಲ್ಮನವಿಯನ್ನು ರೆಕಾರ್ಡ್ಸ್ ಮೂಲಕ ಕಳಿಸಿ, ಸ್ಪೀಡ್ ಪೋಸ್ಟ್ ರಸೀದಿ ಜೋಪಾನ ಮಾಡಿ. ಆರು ತಿಂಗಳು ಕಳೆದರೂ ಉತ್ತರ ಬರದಿದ್ದರೆ ದಾರಿ ಮುಗಿದಂತೆಯೇ. ಅಲ್ಲಿಂದ ಮತ್ತೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ತಿರಸ್ಕಾರದ ಪತ್ರ ಬಂದಿದ್ದರೆ ಆ ದಿನದಿಂದ ಆರು ತಿಂಗಳು.

ಗಡುವು ದಾಟಿದವರು ವಿಳಂಬ ಮನ್ನಾ ಅರ್ಜಿಯನ್ನೂ ಜತೆಗಿಡಬೇಕು. ಸೂಕ್ಷ್ಮ ಇರುವುದು ಇಲ್ಲಿಯೇ. ತಿಂಗಳು ತಿಂಗಳೂ ಸಿಗಬೇಕಾದ ಪಿಂಚಣಿ ತಪ್ಪುತ್ತಿದ್ದರೆ ಅದು ಮುಂದುವರಿಯುತ್ತಲೇ ಇರುವ ಅನ್ಯಾಯ ಎಂದು ತರ್ಸೆಮ್ ಸಿಂಗ್ ತೀರ್ಪು (2008) ಒಪ್ಪಿಕೊಂಡಿದೆ. ತಡವಾದರೂ ಕೇಸು ನಿಲ್ಲುತ್ತದೆ, ಬಾಕಿ ಮಾತ್ರ ಸಾಮಾನ್ಯವಾಗಿ ಮೂರು ವರ್ಷದ್ದಷ್ಟೇ. ಬಿಡುಗಡೆ ಆದೇಶವನ್ನೇ ಇಪ್ಪತ್ತು ವರ್ಷದ ಮೇಲೆ ಪ್ರಶ್ನಿಸಿದರೆ ಈ ರಿಯಾಯಿತಿ ಸಿಗುವುದು ಕಷ್ಟ. ಆದ್ದರಿಂದ ಅಂಗವೈಕಲ್ಯ ಪಿಂಚಣಿ ಕೇಳುವ ಹಳಬರಿಗೆ ಇರುವಷ್ಟು ಭರವಸೆ ಕೆಂಪು ಶಾಯಿಯ ಹಳಬರಿಗಿಲ್ಲ.

ಸೇವೆ ಬಿಟ್ಟವರು ತಾವು ವಾಸವಿರುವ ಊರಿನ ವ್ಯಾಪ್ತಿಯ ಪೀಠದಲ್ಲೇ ಅರ್ಜಿ ಹಾಕಬಹುದು. ವಿಶಾಖಪಟ್ಟಣ, ವಿಜಯವಾಡ ಸೇರಿ ಇಡೀ ಆಂಧ್ರ ಚೆನ್ನೈ ಪೀಠಕ್ಕೆ ಸೇರುತ್ತದೆ. ಆರಂಭದಲ್ಲಿ ಹೇಳಿದ ತಿರುವು ಇದು: ಕರ್ನಾಟಕ ಸೇರುವುದು ಕೊಚ್ಚಿ ಪೀಠಕ್ಕೆ. ಹೀಗಾಗಿ ವಿಶಾಖಪಟ್ಟಣದಲ್ಲಿ ಬಿಡುಗಡೆಯಾಗಿ ಗದಗಕ್ಕೆ ಬಂದು ನೆಲೆಸಿದ ನಾವಿಕ ಕೊಚ್ಚಿಗೆ ಹೋಗಬಹುದು. ಮಡಕಶಿರಾ, ಆದೋನಿ ಕಡೆಯ ಕನ್ನಡಿಗ ಜವಾನನಿಗೆ ಕರ್ನಾಟಕ ಎಷ್ಟು ಹತ್ತಿರವಾದರೂ ಪೀಠ ಚೆನ್ನೈಯೇ. ಕರಾವಳಿ ಕಾವಲು ಪಡೆ, ಸಿಆರ್‌ಪಿಎಫ್, ಬಿಎಸ್‌ಎಫ್‌ನವರು ಈ ನ್ಯಾಯಮಂಡಳಿಯ ವ್ಯಾಪ್ತಿಗೇ ಬರುವುದಿಲ್ಲ, ಅವರು ಹೈಕೋರ್ಟಿಗೆ ಹೋಗಬೇಕು.

ವಕೀಲರಿಲ್ಲದೆ ತಾವೇ ನಿಂತು ವಾದಿಸಲು ಕಾಯ್ದೆ ಅವಕಾಶ ಕೊಟ್ಟಿದೆ. ಹಣದ ಅಡಚಣೆ ಇರುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ ನೋಡಬೇಕು. ರಾಷ್ಟ್ರೀಯ ಪ್ರಾಧಿಕಾರವು 2025ರ ಜುಲೈನಲ್ಲಿ ಆರಂಭಿಸಿದ ‘ವೀರ ಪರಿವಾರ ಸಹಾಯತಾ ಯೋಜನೆ’ಯಡಿ ಸೈನಿಕ ಕಲ್ಯಾಣ ಮಂಡಳಿಗಳಲ್ಲೇ ಕಾನೂನು ನೆರವು ಕೇಂದ್ರ ತೆರೆಯುವ ಕೆಲಸ ನಡೆದಿದೆ. ಆಂಧ್ರದ ಸೈನಿಕ ಕಲ್ಯಾಣ ನಿರ್ದೇಶನಾಲಯ ಇರುವುದು ವಿಜಯವಾಡದಲ್ಲಿ. ಜಿಲ್ಲಾ ಕಚೇರಿಯಲ್ಲಿ ಕೆಲಸ ಆಗದಿದ್ದರೆ ಅಲ್ಲಿಗೆ ಬರೆಯಿರಿ.

ನ್ಯಾಯಮಂಡಳಿಯಲ್ಲಿ ಸೋತರೆ ಸುಪ್ರೀಂ ಕೋರ್ಟಿಗೆ ಹೋಗಲು ಸಾರ್ವಜನಿಕ ಮಹತ್ವದ ಕಾನೂನು ಪ್ರಶ್ನೆ ಇರಬೇಕು. ಅದು ಎಲ್ಲರಿಗೂ ಆಗುವ ಮಾತಲ್ಲ. ಹೈಕೋರ್ಟಿನ ರಿಟ್ ಅಧಿಕಾರವನ್ನು ಕಸಿಯಲಾಗದು ಎಂದು 2023ರ ಮಾರ್ಚ್‌ನಲ್ಲಿ ಪರಶೋತ್ತಮ್ ದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಆ ದಾರಿ ಮತ್ತೆ ತೆರೆದಿದೆ. ಆಂಧ್ರದವರಿಗೆ ಅದು ಅಮರಾವತಿಯ ಹೈಕೋರ್ಟ್.

ಗೆದ್ದವರು ಆದೇಶದ ದೃಢೀಕೃತ ಪ್ರತಿಯನ್ನು ರೆಕಾರ್ಡ್ಸ್‌ಗೆ ಕಳಿಸಿ ಹೊಸ ಡಿಸ್ಚಾರ್ಜ್ ಬುಕ್ಕನ್ನೂ ಪಿಂಚಣಿ ಆದೇಶವನ್ನೂ ಬರಹದಲ್ಲಿ ಕೇಳಬೇಕು. ಪಿಂಚಣಿ ಈಗ ‘ಸ್ಪರ್ಶ್’ ವ್ಯವಸ್ಥೆಯಲ್ಲೇ ಬರುವುದರಿಂದ ಆಧಾರ್, ಬ್ಯಾಂಕ್ ಖಾತೆ, ಸೇವಾ ದಾಖಲೆ ಮೂರರಲ್ಲೂ ಹೆಸರಿನ ಅಕ್ಷರಗಳು ಒಂದೇ ಇವೆಯೇ ಎಂದು ಮೊದಲೇ ನೋಡಿಕೊಳ್ಳಿ. ಆದೇಶ ಕೊಟ್ಟ ಗಡುವಿನೊಳಗೆ ಜಾರಿಯಾಗದಿದ್ದರೆ ಅದೇ ಪೀಠದಲ್ಲಿ ಜಾರಿ ಅರ್ಜಿ ಹಾಕಬೇಕು.