ದತ್ತಾಂಶವೇಗದ ಮಾನಗಳು: ಒಂದು ವಿವೇಚನೆ

ಮಾನವನ್ನು ಹೇಳದೆ ಅಂಕಿಯನ್ನಷ್ಟೇ ಹೇಳಿದರೆ ಅಳತೆ ಪೂರ್ಣವಾಗುವುದಿಲ್ಲ. ಹತ್ತು ಎಂದರೆ ಪಾವೋ, ಸೇರೋ, ಖಂಡುಗವೋ ತಿಳಿಯದು. ಮಾನದ ಹೆಸರು ತಿಳಿದ ಮೇಲೂ ತೊಡಕು ತೀರದು. ನಮ್ಮ ಹಿರಿಯರ ಕಾಲದ ಪೇಟೆಯಲ್ಲಿ ಕಚ್ಚಾ ಸೇರು, ಪಕ್ಕಾ ಸೇರು ಎಂದು ಒಂದೇ ಹೆಸರಿನ ಎರಡು ಅಳತೆಗಳಿದ್ದುವು. ಈ ಎರಡು ತೊಡಕುಗಳೂ ಇಂದು ಅಂತರ್ಜಾಲದ ವೇಗವನ್ನು ಹೇಳುವಲ್ಲಿ ಮರಳಿ ಕಾಣಿಸಿಕೊಂಡಿವೆ. ಕನ್ನಡ ಪಂಡಿತನಿಗೆ ಇದರಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ತೊಡಕಿನ ಅರ್ಧಭಾಗ ಲಿಪಿಗೆ ಸಂಬಂಧಿಸಿದ್ದೆಂಬುದೇ ಅದಕ್ಕೆ ಉತ್ತರ.

ಗಣಕಯಂತ್ರವು ಬಲ್ಲ ಅತ್ಯಂತ ಕಿರಿಯ ಘಟಕ ಬಿಟ್. ಅದು ಸೊನ್ನೆಯಾಗಿರಬೇಕು, ಇಲ್ಲವೆ ಒಂದಾಗಿರಬೇಕು, ಮೂರನೆಯ ಸ್ಥಿತಿಯಿಲ್ಲ. ಛಂದಸ್ಸನ್ನು ಓದಿದವರಿಗೆ ಇದು ಹೊಸದಲ್ಲ. ಲಘು, ಗುರು ಎಂಬ ಎರಡನ್ನೇ ಮೂರು ಸ್ಥಾನಗಳಲ್ಲಿ ಪ್ರಸ್ತಾರ ಮಾಡಿದರೆ ಮ ನ ಭ ಯ ಜ ರ ಸ ತ ಎಂಬ ಎಂಟು ಗಣಗಳು ದೊರೆಯುತ್ತವೆ. ಹಾಗೆಯೇ ಎಂಟು ಸ್ಥಾನಗಳಲ್ಲಿ ಪ್ರಸ್ತಾರ ಮಾಡಿದರೆ 256 ರೂಪಗಳು ದೊರೆಯುತ್ತವೆ. ಎಂಟು ಬಿಟ್‌ಗಳ ಆ ಕಟ್ಟಿಗೆ ಬೈಟ್ ಎಂದು ಹೆಸರು. ಭಾಮಿನೀ ಷಟ್ಪದಿಯ ಒಂದು ಪದ್ಯದಲ್ಲಿ 102 ಮಾತ್ರೆಗಳಿವೆ ಎಂದರೆ 102 ಅಕ್ಷರಗಳಿವೆ ಎಂದು ಯಾವ ವಿದ್ಯಾರ್ಥಿಯೂ ತಿಳಿಯಬಾರದಷ್ಟೆ. ಬಿಟ್ಟನ್ನು ಬೈಟೆಂದು ತಿಳಿಯುವುದೂ ಅದೇ ಜಾತಿಯ ಪ್ರಮಾದ.

ಈ ಪ್ರಮಾದ ನಮ್ಮ ಶಾಲೆಯಲ್ಲಿ ಒಂದು ದೂರಿನವರೆಗೆ ಹೋಯಿತು. ಹಳೆಯ ವಿದ್ಯಾರ್ಥಿಗಳ ಕೊಡುಗೆಯಿಂದ ಗಣಕ ಕೊಠಡಿಗೆ ಸೆಕೆಂಡಿಗೆ 100 ಮೆಗಾಬಿಟ್ ವೇಗದ ತಂತಿ ಸಂಪರ್ಕ ಬಂದಿತು. ಪಾಠದ ಚಲನಚಿತ್ರವೊಂದನ್ನು ಇಳಿಸಿಕೊಳ್ಳುವಾಗ ಪರದೆಯ ಮೇಲೆ ಕಂಡ ಅಂಕಿ 11.3. ನೂರಕ್ಕೆ ಹಣ ತೆತ್ತು ಹನ್ನೊಂದನ್ನು ಪಡೆದೆವೆಂದು ಹಲವರು ನೊಂದುಕೊಂಡರು. ಸಂಪರ್ಕ ಕೊಟ್ಟವರು ಮೋಸಗೈದರೆಂದು ದಾನಿಗಳಿಗೆ ತಿಳಿಸುವ ಪತ್ರದ ಕರಡೂ ಸಿದ್ಧವಾಯಿತು. ದಾನಿಗಳ ಹಣಕ್ಕೆ ಲೆಕ್ಕ ಒಪ್ಪಿಸುವುದು ಧರ್ಮ. ಆದರೆ ಲೆಕ್ಕ ಮಾಡದೆ ಒಬ್ಬರ ಮೇಲೆ ಕಳ್ಳತನದ ಮಾತನ್ನು ಹೊರಿಸುವುದು ಧರ್ಮವಲ್ಲ. ಗಣಿತದ ಅಧ್ಯಾಪಕರೂ ನಾನೂ ಕುಳಿತು ಲೆಕ್ಕವನ್ನು ಮೂರು ಮೆಟ್ಟಿಲುಗಳಲ್ಲಿ ಮಾಡಿದೆವು.

ಒಪ್ಪಂದದಲ್ಲಿದ್ದುದು ಮೆಗಾಬಿಟ್, ಪರದೆ ತೋರಿದ್ದು ಮೆಗಾಬೈಟ್. 100ನ್ನು ಎಂಟರಿಂದ ಭಾಗಿಸಿದರೆ 12.5. ಮುಂದೆ, ಸಾಮಗ್ರಿ ತಂತಿಯಲ್ಲಿ ಬರಿಮೈಯಲ್ಲಿ ಹರಿಯುವುದಿಲ್ಲ. ಅಂಚೆಯ ಲಕೋಟೆಯಂತೆ ಕಟ್ಟುಕಟ್ಟಾಗಿ ಬರುತ್ತದೆ. ಸಾಮಾನ್ಯವಾಗಿ ತುಂಬಿದ ಒಂದು ಕಟ್ಟಿನಲ್ಲಿ 1460 ಬೈಟ್ ಸಾಮಗ್ರಿಯಾದರೆ ವಿಳಾಸ, ಪರೀಕ್ಷಾಂಕ, ನಡುವಣ ತೆರಪು ಮೊದಲಾದುವಕ್ಕೆ 78 ಬೈಟ್ ವ್ಯಯವಾಗುತ್ತದೆ. ಒಟ್ಟು 1538ರಲ್ಲಿ 1460ರ ಪಾಲನ್ನು ತೆಗೆದರೆ 12.5 ಇಳಿದು ಸುಮಾರು 11.87 ಆಗುತ್ತದೆ. ಮೂರನೆಯದು ಕಚ್ಚಾ ಸೇರು, ಪಕ್ಕಾ ಸೇರುಗಳ ಕಥೆ. ದೂರಸಂಪರ್ಕದವರ ಮೆಗಾ ಎಂದರೆ ಹತ್ತು ಲಕ್ಷ. ಅನೇಕ ಗಣಕಯಂತ್ರಗಳು ಎಣಿಸುವ ಮೆಗಾ 1024ನ್ನು 1024ರಿಂದ ಗುಣಿಸಿದ 10,48,576. ಈ ಎರಡನೆಯದಕ್ಕೆ ‘ಮೆಬಿ’ ಎಂಬ ಬೇರೆ ಹೆಸರನ್ನು ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು 1998ರಲ್ಲಿಯೇ ಅಂಗೀಕರಿಸಿತು. ಹೆಸರು ಪುಸ್ತಕದಲ್ಲಿದೆ, ಬಳಕೆಗೆ ಬಂದುದು ಕಡಿಮೆ. 11.87ನ್ನು ಈ ಮಾನಕ್ಕೆ ತಂದರೆ 11.3. ಪರದೆಯ ಅಂಕಿ ಪೂರ್ಣ ವೇಗವನ್ನೇ ಸಾರುತ್ತಿತ್ತು. ಪತ್ರವನ್ನು ಕಳುಹಿಸಲಿಲ್ಲ. ಒಂದೇ ಯಂತ್ರ ಕೆಲಸ ಮಾಡುತ್ತಿರುವಾಗ ಅಂಕಿ ಆರಕ್ಕೋ ಏಳಕ್ಕೋ ಇಳಿದು ಅಲ್ಲಿಯೇ ನಿಂತರೆ ಆಗ ವಿಚಾರಿಸುವುದು ನ್ಯಾಯ.

ಇನ್ನು ಲಿಪಿಯ ಮಾತು. ಆಂಗ್ಲದಲ್ಲಿ ಸಣ್ಣ ಬಿ ಅಕ್ಷರ ಬಿಟ್ಟನ್ನೂ ದೊಡ್ಡ ಬಿ ಅಕ್ಷರ ಬೈಟನ್ನೂ ಸೂಚಿಸುತ್ತದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳೆಂಬ ಭೇದವೇ ಇಲ್ಲ. ‘100 ಎಂಬಿ’ ಎಂದು ಕನ್ನಡದಲ್ಲಿ ಬರೆದೊಡನೆ ಎಂಟರಷ್ಟು ಅಂತರವನ್ನು ಕಾಯುತ್ತಿದ್ದ ಆ ಒಂದು ಗುರುತು ಅಳಿಸಿಹೋಗುತ್ತದೆ. ನಮ್ಮ ನಡವಳಿಕೆ ಪುಸ್ತಕದಲ್ಲಿ ಹಾಗೆಯೇ ಬರೆದಿತ್ತು. ಆದಕಾರಣ ಕನ್ನಡದ ದಾಖಲೆಗಳಲ್ಲಿ ‘ಮೆಗಾಬಿಟ್’, ‘ಮೆಗಾಬೈಟ್’ ಎಂದು ಪೂರ್ಣಪದವನ್ನೇ ಬರೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಸಂಕ್ಷೇಪದಿಂದ ಉಳಿಯುವುದು ನಾಲ್ಕು ಅಕ್ಷರವೂ ಇಲ್ಲ.

ದೂರಸಂಪರ್ಕದವರು ಬಿಟ್ಟಿನಲ್ಲಿ ಎಣಿಸುವುದೇಕೆ? ತಂತಿಯ ಮೇಲೆ ಬಿಟ್‌ಗಳು ಒಂದರ ಹಿಂದೊಂದು ಸಾಗುವುದರಿಂದ. ಅವರ ಎಣಿಕೆಯ ಮೂಲ ಮನುಷ್ಯನ ಧ್ವನಿ. ಮಾತನ್ನು ಸೆಕೆಂಡಿಗೆ 8000 ಬಾರಿ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆದರೆ 64 ಕಿಲೋಬಿಟ್. ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ 1986ರಲ್ಲಿ ಸಿ-ಡಾಟ್ ಸಂಸ್ಥೆಯ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರ ಸ್ಥಾಪಿತವಾದಾಗ ಹಳ್ಳಿಯ ಮಾತೂ ಈ ಅಂಕಿಗಳ ರೂಪವನ್ನು ತಾಳಿತು. ಇಂತಹ 32 ದಾರಿಗಳ ಕಟ್ಟು ನಮ್ಮ ದೇಶದಲ್ಲಿ ಬಳಸುವ ಇ-1, ವೇಗ 2.048 ಮೆಗಾಬಿಟ್. ಅದರಲ್ಲಿ 30 ಮಾತಿಗೆ, ಉಳಿದೆರಡು ವ್ಯವಸ್ಥೆಗೆ. ಅಮೆರಿಕದ ಟಿ-1ರಲ್ಲಿ 24 ದಾರಿಗಳು, ಮೇಲೆ 8 ಕಿಲೋಬಿಟ್, ಒಟ್ಟು 1.544 ಮೆಗಾಬಿಟ್. 63 ಇ-1ಗಳನ್ನು ಹೊರಬಲ್ಲ ಎಸ್‌ಟಿಎಂ-1ರ ವೇಗ 155.52 ಮೆಗಾಬಿಟ್. ಹರುಕು ಮುರುಕಾಗಿ ಕಾಣುವ ಈ ಅಂಕಿಗಳೆಲ್ಲ ಆ 8000ದ ಗುಣಕಗಳೇ. ಬಾಡ್ ಎಂಬುದು ಬೇರೆ ಮಾತು: ತಂತಿಯ ಮೇಲಿನ ಸಂಕೇತ ಸೆಕೆಂಡಿಗೆ ಎಷ್ಟು ಬಾರಿ ಬದಲಾಗಬಲ್ಲದೆಂಬುದರ ಲೆಕ್ಕವದು. ಒಂದು ಸಂಕೇತ ನಾಲ್ಕು ಬಿಟ್‌ಗಳನ್ನು ಹೊತ್ತರೆ 2400 ಬಾಡ್ 9600 ಬಿಟ್ಟಾಗುತ್ತದೆ.

ತರಗತಿಯಲ್ಲಿ ಮಾಡಿಸಲು ಊರ ಹೆಸರೇ ಸಾಕು. ‘ಬಸವೇಶ್ವರನಗರ’ ಎಂಬಲ್ಲಿ ಅಕ್ಷರ ಎಂಟು, ಮಾತ್ರೆ ಒಂಬತ್ತು. ಯುನಿಕೋಡ್ ಕ್ರಮದಲ್ಲಿ ಏತ್ವದ ದೀರ್ಘ, ವಿರಾಮ ಚಿಹ್ನೆಗಳನ್ನೂ ಒತ್ತಕ್ಷರದ ವಕಾರವನ್ನೂ ಬೇರೆಬೇರೆಯಾಗಿ ಎಣಿಸುವುದರಿಂದ ಸಂಕೇತ ಹನ್ನೊಂದು. ಇಂದು ಬಹುಬಳಕೆಯ ಯುಟಿಎಫ್-8 ಬರಹದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್; ಆದ್ದರಿಂದ 33 ಬೈಟ್, 264 ಬಿಟ್. ರೋಮನ್ ಲಿಪಿಯಲ್ಲಿ ಅದೇ ಹೆಸರಿಗೆ ಹದಿನೇಳು ಅಕ್ಷರ, 17 ಬೈಟ್, 136 ಬಿಟ್.

ಮೇಲಿನ ತರಗತಿಯವರಿಗೆ ಇನ್ನೊಂದು. ಒಂದು ಗಿಗಾಬೈಟ್, ಅಂದರೆ ನೂರು ಕೋಟಿ ಬೈಟ್ ತೂಗುವ ಪಾಠವೊಂದನ್ನು ರಾಜಾಜಿನಗರದಿಂದ ಕೆಂಗೇರಿಗೆ ಕಳುಹಿಸಬೇಕು. ಅದು 8000 ಮೆಗಾಬಿಟ್. ಕಟ್ಟಿನ ಖರ್ಚನ್ನು ಬಿಟ್ಟು ಎಣಿಸಿದರೆ 100 ಮೆಗಾಬಿಟ್ ವೇಗದಲ್ಲಿ 80 ಸೆಕೆಂಡು, ಒಂದು ಇ-1ರಲ್ಲಿ ಸುಮಾರು 65 ನಿಮಿಷ, ಒಂದು ಧ್ವನಿಯ ದಾರಿಯಲ್ಲಿ ಸುಮಾರು 35 ಗಂಟೆ. 9600 ಬಿಟ್ ವೇಗದ ಹಳೆಯ ದೂರವಾಣಿ ಸಂಪರ್ಕದಲ್ಲಾದರೆ ಒಂಬತ್ತೂವರೆ ದಿನಗಳಿಗೂ ಮಿಕ್ಕು. ನಡೆದು ಹೋಗಿ ಕೊಟ್ಟು ಬರುವುದು ಯಾವ ವೇಗಕ್ಕಿಂತ ಲೇಸೆಂಬುದನ್ನು ಮಕ್ಕಳೇ ಕಂಡುಹಿಡಿಯಲಿ.